ನೇರಳೆ ಬಣ್ಣದ ಪರೀಕ್ಷೆ

ಪೊಲೀಸರ ವ್ಯಾನು ಗೇಟಿನೊಳಗೆ ಬಂದದ್ದೇ ತಡ, ಸಾರವೆಯ ಮೇಲಿದ್ದವರೆಲ್ಲ ಖಮ್‌ಪನ್‌ನತ್ತ ತಿರುಗಿದರು. ಬೇರೆ ಯಾರ ಕಡೆ ತಿರುಗಬೇಕಿತ್ತು? ಮೈಗೆ ಹುರುಪೇರಿಸುವ ಯಾಬಾ ಎಂಬ ಮಾದಕ ಮಾತ್ರೆ ನುಂಗಿ ಜೈಲು ಕಂಡು ಬಂದವನು ಥಾಯ್ಲೆಂಡಿನ ರಯೋಂಗಿನಲ್ಲಿ ಏಳುತ್ತಿದ್ದ ಆ ಕಟ್ಟಡದಲ್ಲಿ ಅವನೊಬ್ಬನೇ.

ಮಾತ್ರೆ ಬಿಟ್ಟು ಬಹಳ ಕಾಲವಾಗಿತ್ತು. ನಂಬಿದವರಿಲ್ಲ. ಇನ್ನೊಮ್ಮೆ ಸಿಕ್ಕಿಬಿದ್ದರೆ ಮತ್ತೆ ಜೈಲು. ಊರಲ್ಲಿ ಅಜ್ಜಿಯ ಬಳಿಯಿರುವ ಮಗಳನ್ನು ಕರೆತರುವ ಮಾತೂ ಅಲ್ಲಿಗೆ ಮುಗಿದಂತೆ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನು ಸ್ನಾನದ ತೊಟ್ಟಿಗೆ ಕೈ ಹಾಕಿದರೆ ನೀರು ಚೆಲ್ಲಿ ಬೇರೆ ತುಂಬಿಸುತ್ತಿದ್ದರು. ಮೇಸ್ತ್ರಿ ಸನಿತ್ ಬೆಳಿಗ್ಗೆ ಬಕೆಟ್ಟಿನಲ್ಲಿ ಐಸು ಹಾಕಿ ಶರಬತ್ತು ಕಲಸಿ, ಇರುವ ಒಂದೇ ಲೋಟವನ್ನು ಸಾಲಾಗಿ ದಾಟಿಸುವಾಗ ಅದು ಖಮ್‌ಪನ್‌ನನ್ನು ಬಿಟ್ಟು ಮುಂದಿನವನ ಕೈಗೆ ಹೋಗುತ್ತಿತ್ತು. ಅವನು ನಲ್ಲಿಗೆ ಬಾಯಿ ಕೊಡುತ್ತಿದ್ದ. ಮೊದಮೊದಲು ನೋವಾಗುತ್ತಿತ್ತು. ಈಗ ಏನೂ ಅನ್ನಿಸುತ್ತಿರಲಿಲ್ಲ.

ಅನುಮಾನಕ್ಕೆ ಕಾರಣಗಳೂ ಇದ್ದವು. ಉಳಿದವರು ಮಧ್ಯಾಹ್ನದ ಬಿಸಿಲಲ್ಲೂ ಹರಟುತ್ತ, ಊಟ ಅರ್ಧಕ್ಕೇ ಬಿಟ್ಟು ಕಾಂಕ್ರೀಟು ಹೊರುತ್ತಿದ್ದರು. ಮಹಡಿಗಳು ಬೇಗ ಬೇಗ ಏಳುತ್ತಿದ್ದವು; ಮಾಲೀಕರು ಸನಿತ್‌ನ ಬೆನ್ನು ತಟ್ಟಿದ್ದರು. ಖಮ್‌ಪನ್ ಮಾತ್ರ ಹೊಟ್ಟೆ ತುಂಬ ಅನ್ನ ತಿಂದು ಸಿಮೆಂಟ್ ಚೀಲಕ್ಕೆ ಒರಗಿ ತೂಕಡಿಸುತ್ತಿದ್ದ. ದುಡಿಯುವ ಗಂಡಸಿಗೆ ಹಾಡಹಗಲೇ ಅಂಥ ನಿದ್ದೆ ಎಲ್ಲಿಂದ ಬರಬೇಕು? "ನಿನ್ನೇದು ಇನ್ನೂ ಇಳಿದಿಲ್ಲ ನೋಡು," ಎಂದು ಕಂಬಿ ಕಟ್ಟುವ ಉದೊಮ್ ನಗುತ್ತಿದ್ದ.

ಪೊಲೀಸರು ಎಲ್ಲರಿಗೂ ಪ್ಲಾಸ್ಟಿಕ್ ಡಬ್ಬಿ ಹಂಚಿದರು. ಮಾತ್ರೆ ನುಂಗಿದವನ ಮೂತ್ರಕ್ಕೆ ಅವರ ಔಷಧಿ ಬಿದ್ದರೆ ನೇರಳೆ ಬಣ್ಣ ಬರುತ್ತದೆ.

ಸನಿತ್ ಬೆವರು ಒರೆಸಿಕೊಂಡು ಇನ್ಸ್‌ಪೆಕ್ಟರರ ಮುಂದೆ ಕೈಮುಗಿದ. "ಇವನೊಬ್ಬನ್ನ ನೋಡಿದ್ರೆ ಸಾಕಲ್ವಾ ಸಾರ್? ಉಳಿದವ್ರು ನನ್ ಮಕ್ಕಳಿದ್ದಂಗೆ. ಅವ್ರ ಹೊಟ್ಟೇಲಿ ಏನಿದೆ ಅಂತ ನಂಗೊತ್ತಿಲ್ವಾ?"

ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. ಡಬ್ಬಿಗಳು ಹಲಗೆಯ ಮೇಲೆ ಸಾಲಾಗಿ ಕೂತವು. ಔಷಧಿ ಬಿತ್ತು. ಉದೊಮ್‌ನದು ನೇರಳೆ. ಪಕ್ಕದ್ದೂ ನೇರಳೆ. ಅದರಾಚೆಯದೂ. ತಾನು ಮಾತ್ರೆ ಮುಟ್ಟಿದವನೇ ಅಲ್ಲವೆಂದು ಉದೊಮ್ ಮಗಳ ಮೇಲೆ ಆಣೆಯಿಟ್ಟು ಅಳತೊಡಗಿದ. ಬಣ್ಣ ತಿರುಗದೆ ಉಳಿದದ್ದು ಖಮ್‌ಪನ್‌ನ ಡಬ್ಬಿಯೊಂದೇ.

ಇನ್ಸ್‌ಪೆಕ್ಟರ್ ಅವನನ್ನು ಹತ್ತಿರ ಕರೆದರು. "ಇವರೆಲ್ಲ ಹೊಟ್ಟೆಗೆ ಹಾಕ್ಕೊಳ್ಳೋದು, ನೀನೊಬ್ಬನೇ ಹಾಕ್ಕೊಳ್ಳದೇ ಇರೋದು ಏನಯ್ಯಾ?"

ಖಮ್‌ಪನ್ ಯಾರ ಮುಖವನ್ನೂ ನೋಡಲಿಲ್ಲ.

"ಮೇಸ್ತ್ರಿ ಕಲಸೋ ಶರಬತ್ತು ಸಾರ್. ಆ ಲೋಟ ಮುಟ್ಟೋಕೆ ಇವ್ರು ನನ್ನ ಬಿಡಲ್ಲ."