ಸದ್ದು ಮಾಡದ ಶೂ

ಮಗಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಎರ್ಲಿಂಡಾಳಿಗೆ ಅನುಮಾನ ಬಂದದ್ದು ಒಂದು ಜೊತೆ ಶೂ ವಿಷಯಕ್ಕೆ.

ಪಾದದ ಚಿತ್ರವೇನೋ ಎಂದಿನಂತೆಯೇ ಇತ್ತು. ರಜೆ ಮುಗಿಸಿ ತಮ್ಮೂರು ಇಲೊಯಿಲೊದಿಂದ ಮಸ್ಕತ್ತಿಗೆ ಮರಳಿದವರೊಬ್ಬರು ತಂದುಕೊಟ್ಟ ಕಾಗದ; ಅದರ ಮೇಲೆ ಪಾದವಿಟ್ಟು ಸುತ್ತಲೂ ಪೆನ್ಸಿಲಿನಲ್ಲಿ ಎಳೆದ ಗೆರೆ. ಹದಿನಾಲ್ಕು ವರ್ಷಗಳಲ್ಲಿ ಜೋಯ್ಲಿನ್ ಬೆಳೆದದ್ದನ್ನು ತಾಯಿ ಕಂಡದ್ದು ಹೆಚ್ಚಾಗಿ ಈ ಗೆರೆಗಳಲ್ಲೇ. ಗೆರೆಯಗುಂಟ ಕಾಗದ ಕತ್ತರಿಸಿ, ಅಂಗಡಿಗೆ ಒಯ್ದು, ಶೂ ಒಳಗೆ ತೂರಿಸಿ ಅಳತೆ ನೋಡುವುದು. ಕೊಂಡದ್ದನ್ನು ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಸೇರಿಸುವುದು. ವರ್ಷವಿಡೀ ತುಂಬಿದ ಆ ಪೆಟ್ಟಿಗೆ ಕ್ರಿಸ್‌ಮಸ್ಸಿಗೆ ಮುಂಚೆ ಹಡಗು ಹತ್ತುತ್ತಿತ್ತು. ಎರ್ಲಿಂಡಾ ಮಾತ್ರ ಆರು ವರ್ಷಗಳಿಂದ ಊರಿಗೆ ಹೋಗಿರಲಿಲ್ಲ.

ಹೋದ ವರ್ಷ ಕೆಂಪು ಹೈಹೀಲ್ಡೇ ಬೇಕೆಂದು ಹಟ ಹಿಡಿದಿದ್ದ ಹುಡುಗಿ ಈ ಸಲ ಚಿತ್ರದ ಕೆಳಗೆ ಬರೆದಿದ್ದಳು: ಕಪ್ಪು ಶೂ. ಹಿಮ್ಮಡಿ ಎತ್ತರ ಬೇಡ. ನಡೆದರೆ ಸದ್ದಾಗಬಾರದು. ಆರು ಜೊತೆ ಕಪ್ಪು ಕಾಲುಚೀಲ, ಒಂದು ಪುಟ್ಟ ಬೀಗ. ಲಿಪ್‌ಸ್ಟಿಕ್ ಕಳಿಸಬೇಡ.

ಇಪ್ಪತ್ತನಾಲ್ಕರ ಹುಡುಗಿ ಲಿಪ್‌ಸ್ಟಿಕ್ ಬೇಡವೆಂದರೆ ಯಾವ ತಾಯಿಗೆ ನೆಮ್ಮದಿ ಇದ್ದೀತು. ಭಾನುವಾರ, ತಾನು ಮನೆಗೆಲಸಕ್ಕಿದ್ದ ಜುವೈನಾ ಮೇಡಂ ಅವರ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಎರ್ಲಿಂಡಾ ವಿಡಿಯೋ ಕರೆ ಮಾಡಿದಳು.

"ನಿನ್ನ ಕೂದಲೆಲ್ಲೇ?"

"ಕತ್ತರಿಸ್ದೆ ಅಮ್ಮ. ಇಲ್ಲಿ ಎಲ್ಲರದ್ದೂ ಹೀಗೇ."

"ಇಲ್ಲಿ ಅಂದ್ರೆ ಎಲ್ಲಿ?"

"ಹಾಸ್ಟೆಲ್ಲು. ಇಪ್ಪತ್ತು ಜನ ಹುಡುಗೀರಿದೀವಿ. ಐದಕ್ಕೇ ಏಳ್ಬೇಕು. ಭಾನುವಾರ ಬಿಟ್ರೆ ಫೋನ್ ಮುಟ್ಟೋ ಹಾಗಿಲ್ಲ."

"ಅಲ್ಲಿ ಏನ್ ಕಲಿಸ್ತಾರೆ?"

"ತಾಳ್ಮೆ," ಎಂದು ಜೋಯ್ಲಿನ್ ನಕ್ಕಳು. "ಈಗ್ಲೇ ಕೇಳ್ಬೇಡ. ಮುಗಿದ್ಮೇಲೆ ನಾನೇ ಹೇಳ್ತೀನಿ. ನಿಂಗೆ ಹೆಮ್ಮೆ ಆಗುತ್ತೆ."

ಅವಳ ಹಿಂದಿನ ಗೋಡೆಯಲ್ಲಿ ಶಿಲುಬೆಯಿತ್ತು. ಎಲ್ಲೋ ಗಂಟೆ ಬಾರಿಸಿತು. "ಸಾಲಾಗಿ ನಿಲ್ಲಿ. ಕಣ್ಣು ಕೆಳಗೆ," ಎಂದು ಹೆಂಗಸೊಬ್ಬಳ ದನಿ ಕೇಳಿತು. ಕರೆ ಕಡಿಯಿತು.

ವಾರದ ರಜೆಯ ದಿನ ಶುಕ್ರವಾರ, ಮಸ್ಕತ್ತಿನ ರುವಿಯ ಚರ್ಚಿನ ಮೆಟ್ಟಿಲ ಮೇಲೆ, ಪಕ್ಕದ ಬಂಗಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮರಿವಿಕ್ ಎಲ್ಲ ಕೇಳಿ ತೀರ್ಪು ಕೊಟ್ಟಳು.

"ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ ಅಕ್ಕ. ನಿನ್ ಮಗಳು ಕನ್ಯಾಮಠ ಸೇರಿದಾಳೆ. ಒಳ್ಳೇದೇ ಆಯ್ತು, ಇನ್ಮೇಲೆ ದೇವರೇ ನಿನ್ ಅಳಿಯ. ಕುಡಿಯದ, ಹೊಡೆಯದ ಅಳಿಯ ನಮ್ಮೂರಲ್ಲಿ ಇನ್ಯಾರಿಗೆ ಸಿಕ್ಕಿದಾನೆ?"

ಎರ್ಲಿಂಡಾ ನಗಲಿಲ್ಲ. ಇದ್ದವಳು ಒಬ್ಬಳೇ ಮಗಳು. ಅವಳೊಂದಿಗೆ ಒಂದೇ ಸೂರಿನಡಿ ಬದುಕಬೇಕೆಂಬ ಒಂದೇ ಆಸೆಯನ್ನು ಹದಿನಾಲ್ಕು ವರ್ಷ ಮುಂದೂಡುತ್ತ ಬಂದಿದ್ದಳು. ಈಗ ದೇವರೇ ಅಡ್ಡ ಬಂದರೆ ಯಾರ ಹತ್ತಿರ ದೂರುವುದು?

"ಹೋಗ್ಲಿ ಬಿಡು," ಎಂದಳು ಮರಿವಿಕ್. "ನಮ್ ಥರ ಪರದೇಶಿ ಆಗಲ್ವಲ್ಲ. ಅಕ್ಕ, ಮೊದ್ಲಿಂದ ಶುರು ಮಾಡು ಅಂದ್ರೆ ನೀನು ಮತ್ತೆ ಇಲ್ಲಿಗೆ ಬರ್ತಿದ್ಯಾ?"

"ಇಲ್ಲ." ಯೋಚಿಸಬೇಕಾದ ಪ್ರಶ್ನೆಯೇ ಆಗಿರಲಿಲ್ಲ. "ಅವಳು ದೊಡ್ಡೋಳಾಗಿದ್ದು ನಂಗೆ ಗೊತ್ತಾಗಿದ್ದು ಆರು ತಿಂಗಳಾದ್ಮೇಲೆ. ಅದೂ ನನ್ ತಂಗಿ ಬಾಯಿಂದ. ಖಂಡಿತ ಬರ್ತಿರ್ಲಿಲ್ಲ."

"ಇದನ್ನ ಮಗಳಿಗೆ ಯಾವತ್ತಾದ್ರೂ ಹೇಳಿದೀಯಾ?"

"ಹೇಳಿದ್ರೆ ಅವಳ ಗಂಟಲಲ್ಲಿ ಅನ್ನ ಇಳೀತಿತ್ತಾ?"

ಹೇಳಿರಲಿಲ್ಲ. ಅದರ ಬದಲು ಫೋಟೋ ಕಳಿಸಿದ್ದಳು. ಮೇಡಂ ಊರಲ್ಲಿಲ್ಲದ ಒಂದು ಮಧ್ಯಾಹ್ನ, ಈಜುಕೊಳದಿಂದ ಎಲೆ ಎತ್ತುವ ಬಲೆಯನ್ನು ಮರೆಯಲ್ಲಿಟ್ಟು, ಕೊಳದ ಪಕ್ಕದ ಮೇಡಂ ಅವರ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತು, ಮರಿವಿಕ್ ಕೈಯಲ್ಲಿ ತೆಗೆಸಿಕೊಂಡದ್ದು. 'ಸಂಜೆ ಹೊತ್ತು ಇಲ್ಲೇ ಕೂರ್ತೀನಿ' ಎಂದೂ ಬರೆದಿದ್ದಳು. ಇಲೊಯಿಲೊದ ಮನೆಯಲ್ಲಿ ಅದಕ್ಕೆ ಚೌಕಟ್ಟು ಹಾಕಿಸಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ; ಅದನ್ನು ನುಣ್ಣಗೆ ಮಾಡಿ ತೋರಿಸುವವರು ಬೆಟ್ಟದ ಮೇಲಿರುವವರೇ.

ಮರುದಿನ ಜುವೈನಾ ಮೇಡಂ ಇನ್ನೆರಡು ವರ್ಷದ ಕರಾರುಪತ್ರ ತಂದು ಮೇಜಿನ ಮೇಲಿಟ್ಟರು. ಎರ್ಲಿಂಡಾ ಪೆನ್ನು ಮುಟ್ಟಲಿಲ್ಲ.

"ಊರಿಗೆ ಹೋಗ್ಬಿಡ್ತೀನಿ ಮೇಡಂ."

"ನಾನೇನಾದ್ರೂ ಅಂದ್ನಾ, ಎರ್ಲಿಂಡಾ?"

"ಇಲ್ಲ ಮೇಡಂ. ಮಗಳನ್ನ ದೇವರಿಗೆ ಒಪ್ಸೋ ಮುಂಚೆ ನಾಲ್ಕು ದಿನ ಕೈಯಾರೆ ಬಡಿಸ್ಬೇಕು."

ಮೇಡಂ ಪತ್ರವನ್ನು ಮಡಚಿದರು.

ಬರುವ ಸುದ್ದಿಯನ್ನು ಎರ್ಲಿಂಡಾ ಊರಲ್ಲಿ ಯಾರಿಗೂ ತಿಳಿಸಲಿಲ್ಲ. ಸುಳಿವು ಕೊಡದೆ ಹೋಗಿ ಬಾಗಿಲಲ್ಲಿ ನಿಲ್ಲಬೇಕೆಂಬ ಆಸೆ. ಪೆಟ್ಟಿಗೆ ಹಡಗಿಗೆ ಹೋಯಿತು. ಶೂ ಮಾತ್ರ ಅವಳ ಕೈಚೀಲದಲ್ಲೇ ಉಳಿಯಿತು. ಈ ಸಲ ತಾನೇ ಮಗಳ ಕಾಲಿಗೆ ತೊಡಿಸಿ ನೋಡಬೇಕು.

ಮಂಗಳವಾರ ಮಧ್ಯಾಹ್ನ ಮಸ್ಕತ್ ವಿಮಾನ ನಿಲ್ದಾಣದಲ್ಲಿ, ಸೂಟ್‌ಕೇಸನ್ನು ಒಪ್ಪಿಸಿಯಾದ ಮೇಲೆ, ಅವಳು ಆ ಶೂಗಳನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಳು. ದುಃಖ ಇತ್ತು, ಇಲ್ಲವೆನ್ನಲಾಗದು. ಆದರೆ ಒಂದು ಸಮಾಧಾನವೂ ಇತ್ತು. ಮಠದ ಗೋಡೆಯೊಳಗಾದರೂ ಸರಿ, ಮಗಳು ತನ್ನ ಊರಲ್ಲೇ ಇರುತ್ತಾಳೆ. ತಾನು ಬಂದ ದಾರಿ ತನ್ನೊಂದಿಗೇ ಮುಗಿಯಿತು.

ಫೋನ್ ಸದ್ದು ಮಾಡಿತು. ಭಾನುವಾರವಲ್ಲ, ಆದರೂ ಜೋಯ್ಲಿನ್. ಒಂದು ಫೋಟೋ: ಮನಿಲಾ ವಿಮಾನ ನಿಲ್ದಾಣ, ಒಂದೇ ಬಣ್ಣದ ಅಂಗಿ ತೊಟ್ಟ ಇಪ್ಪತ್ತು ಹುಡುಗಿಯರು, ಎಲ್ಲರದ್ದೂ ಕತ್ತಿನವರೆಗೆ ಕತ್ತರಿಸಿದ ಕೂದಲು, ಎಲ್ಲರ ಕೈಯಲ್ಲೂ ಪಾಸ್‌ಪೋರ್ಟ್. ಕೆಳಗೆ ಎರಡು ಸಾಲು.

"ಅಮ್ಮಾ, ಶೂ ಪೆಟ್ಟಿಗೆಗೆ ಹಾಕ್ಬೇಡ, ಮಸ್ಕತ್ತಿಗೆ ಬಂದು ನಾನೇ ಇಸ್ಕೋತೀನಿ. ತರಬೇತಿ ಮುಗೀತು, ನಾಳೆಯಿಂದ ನಾನೂ ನಿನ್ ಹಾಗೇ ಈಜುಕೊಳ ಇರೋ ಮನೇಲಿ ಕೆಲಸಕ್ಕಿರ್ತೀನಿ."