ಚಾಕುವಿನ ಇನ್ನೊಂದು ಮಗ್ಗುಲು

ಕಾಶೀರಾಮ ಅರ್ಧ ಲೋಟ ನೀರಿನಲ್ಲಿ ಬೆರಳದ್ದಿ ಮಸೆಗಲ್ಲಿನ ಮೇಲೆ ನಾಲ್ಕು ಹನಿ ಚಿಮುಕಿಸಿದ. ಟ್ಯಾಂಕರು ಬಂದು ಐದು ದಿನವಾಗಿತ್ತು. ಅಂಥದ್ದರಲ್ಲಿ ಗಂಡ ಕಲ್ಲಿಗೆ ನೀರು ಕುಡಿಸುತ್ತಿದ್ದಾನಲ್ಲ ಎಂದು ಅಂಜನಾಬಾಯಿಗೆ ರೇಗಿತು. ಇನ್ನರ್ಧ ತಾಸಿಗೆ ಅವಳು ಹೈದರಾಬಾದಿನ ಬಸ್ಸು ಹಿಡಿಯಬೇಕಿತ್ತು. ನೀರಿಲ್ಲದೆ ನೌಬಾದದ ತನ್ನ ಖಾನಾವಳಿ ಮುಚ್ಚಿದ ಮೇಲೆ, ಹೈದರಾಬಾದಿನ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಒಪ್ಪಿಕೊಂಡವಳು ಅವಳೇ. ಮಕ್ಕಳನ್ನು ನೋಡಿಕೊಂಡು ಅವನು ಇಲ್ಲೇ ಇರಬೇಕು. ಹೋದ ಬರಗಾಲದಲ್ಲಿ ಹೀಗೇ ಹೊರಟ ಪಕ್ಕದ ಮನೆಯವರ ಬಾಗಿಲಿಗೆ ಇನ್ನೂ ಬೀಗವೇ ಇದೆ. ಯಾವಾಗ ಬರುತ್ತೀ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು.

ಅವನು ಚಾಕುವನ್ನು ಒರೆಸಿ ಕೊಟ್ಟ. ಹದಿನೈದು ವರ್ಷ ಉಳ್ಳಾಗಡ್ಡಿ ಹೆಚ್ಚಿದ ಚಾಕು. ರೂಢಿಯಂತೆ ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯಿತು. ಇನ್ನೊಂದು ಮಗ್ಗುಲಿಗೆ ಕಲ್ಲೇ ತಾಗಿರಲಿಲ್ಲ.

"ಏನ್ರಿ ಇದು? ಒಂದ ಮಗ್ಗಲಷ್ಟೇ ಮಸದೀರಿ?"

ಕಾಶೀರಾಮ ತಲೆ ಎತ್ತಲಿಲ್ಲ. ಕಲ್ಲಿನ ಮೇಲಿನ ಬೂದು ರಾಡಿಯನ್ನು ಬೆರಳಿನಿಂದ ಸವರುತ್ತ, "ಇನ್ನೊಂದ ಮಗ್ಗಲ ಯುಗಾದಿಗಿ ಬಂದಾಗ ಮಸದ ಕೊಡ್ತೇನಿ" ಎಂದ.

ಅಂಜನಾಬಾಯಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟು, ಕಲ್ಲನ್ನು ತಾನೇ ಎತ್ತಿ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಳು.

"ಯುಗಾದಿ ಭಾಳ ದೂರ ಆಯ್ತರಿ. ಎಳ್ಳ ಅಮಾಸಿಗೇ ಬರ್ತೇನಿ. ಕಲ್ಲಿಗಿ ನೀರ ಉಳಿಸಿ ಇಡ್ರಿ."