ಸುಳ್ಳು ಹೇಳುವ ಪೆಟ್ಟಿಗೆ

ಭಾವ ಫ್ರಿಜ್ಜಿನ ಬಾಗಿಲು ತೆರೆದು, ರಕ್ತದ ಸೀಸೆಗಳ ಸಾಲಿನಿಂದ ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಇನ್ನೊಂದು ಜೇಬಿನಿಂದ ಅಂಥದೇ ಸೀಸೆ ತೆಗೆದು ಅದೇ ಜಾಗದಲ್ಲಿ ಇಟ್ಟರು.

ಕಪಾಟಿನ ಹಿಂದೆ ಅವಿತು ನಿಂತಿದ್ದ ತಮ್ಮ ಇದನ್ನೆಲ್ಲ ನೋಡಿದ. ಕಂಪನಿಯೊಳಗೆ ಯಾರೋ ಕೈಯಾಡಿಸುತ್ತಿದ್ದಾರೆ ಎಂಬ ಗುಮಾನಿ ಅವನಿಗೆ ಒಂದು ವರ್ಷದಿಂದ ಇತ್ತು. ಅದು ಸ್ವಂತ ಅಕ್ಕನ ಗಂಡನೇ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಏನ್ ಮಾಡ್ತಿದ್ದೀರಿ ಭಾವ?"

ಭಾವ ತಿರುಗಿದರು. ಮುಖ ಬಿಳಿಚಿಕೊಂಡಿತು. "ನೋಡಿಬಿಟ್ಟೆಯಾ. ನೋಡಿದ್ದನ್ನ ಇಲ್ಲೇ ಮರೆತುಬಿಡು. ಇವತ್ತೊಂದು ದಿನ."

"ನಮಗೆ ಉಳಿದಿರೋದೇ ಇವತ್ತೊಂದು ದಿನ."

ಅದು ನಿಜ. ಮಧ್ಯಾಹ್ನ ದೊಡ್ಡಾಸ್ಪತ್ರೆಯವರು ಪೆಟ್ಟಿಗೆಯನ್ನು ಪರೀಕ್ಷಿಸಲು ಬರುವವರಿದ್ದರು. ಇದೇ ಕೊನೆಯ ಸಲ ಎಂದು ಮೊದಲೇ ಹೇಳಿಕಳಿಸಿದ್ದರು. ಇವತ್ತೂ ಪೆಟ್ಟಿಗೆ ಕೈಕೊಟ್ಟರೆ ಕಂಪನಿಗೆ ಬೀಗ.

ಮುಚ್ಚಿಹೋಗಿದ್ದ ದರ್ಜಿ ಅಂಗಡಿಯೊಂದರಲ್ಲಿ ಅಕ್ಕ ಶುರುಮಾಡಿದ ಕಂಪನಿ ಅದು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳು ಮೊದಲು ಮಾಡಿದ್ದು, ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಿಸಿ ಸಕ್ಕರೆಯ ಅಂಶ ತೋರಿಸುವ ಅಗ್ಗದ ಕಾಗದದ ಪಟ್ಟಿ. ಆಮೇಲೆ ಕರೆಂಟಿಲ್ಲದ ಊರುಗಳಿಗೆಂದು, ಕೈಯಲ್ಲೇ ತಿರುಗಿಸಿ ರಕ್ತದ ಕಣಗಳನ್ನು ಬೇರ್ಪಡಿಸುವ ಯಂತ್ರ. ಅದರ ಹಲ್ಲುಚಕ್ರಗಳನ್ನು ಅಂಗಡಿಯ ಹಳೇ ಹೊಲಿಗೆ ಯಂತ್ರಗಳಿಂದ ಕಿತ್ತು ಜೋಡಿಸಿದ್ದು ಇಂಜಿನಿಯರ್ ಆಗಿದ್ದ ತಮ್ಮ. ಡಾಕ್ಟರುಗಳು ಮೊದಲು ನಕ್ಕರು. ಆಮೇಲೆ ಕೊಂಡರು.

ಅಕ್ಕನ ತಲೆಯಲ್ಲಿ ಇದ್ದದ್ದು ಮಾತ್ರ ಬೇರೆಯೇ. ಅಪ್ಪನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಮೈಯಲ್ಲಿ ಯಾವ ಲಕ್ಷಣವೂ ಕಾಣುವ ಮೊದಲೇ, ಒಂದೇ ಹನಿ ರಕ್ತದಲ್ಲಿ ಆ ರೋಗವನ್ನು ಹಿಡಿಯುವ ಪೆಟ್ಟಿಗೆ ಅವಳಿಗೆ ಬೇಕಿತ್ತು. ರೋಗವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಅವಳ ತಲೆಗೂದಲು ನರೆಯುವ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಯಿತು.

ರೋಗಿಗಳ ರಕ್ತವನ್ನು ಅದು ಒಮ್ಮೆಯೂ ತಪ್ಪದೆ ಗುರುತಿಸಿತು. ಎಡವಿದ್ದು ಆರೋಗ್ಯವಂತರ ರಕ್ತದಲ್ಲಿ. ಪ್ರತಿ ವಾರ ಅಕ್ಕನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ತೋಳು ಚಾಚುತ್ತಿದ್ದರು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಭಾವ ರಕ್ತ ತೆಗೆಯುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಷಪಾತ ನುಸುಳಬಾರದೆಂದು ಸೀಸೆಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಅದೂ ವಾರವಾರಕ್ಕೆ ಬದಲು. ಎಲ್ಲವೂ ಹಸಿರಾಗಬೇಕಿತ್ತು. ಒಂದಲ್ಲ ಒಂದು ಸೀಸೆ ಕೆಂಪಾಗುತ್ತಿತ್ತು. ಪೆಟ್ಟಿಗೆಯನ್ನು ತಮ್ಮ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಊರೆಲ್ಲ ಅದಕ್ಕೆ 'ಸುಳ್ಳು ಪೆಟ್ಟಿಗೆ' ಎಂದು ಹೆಸರಿಟ್ಟಿತು.

ಅಕ್ಕ ಆ ಚಿಂತೆಯಲ್ಲೇ ಸೊರಗಿದಳು. ಊಟ ಸೇರುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಸಾಕು ಮಾಡು, ಮನೆಗೆ ನಡಿ ಎಂದು ಭಾವ ಗೋಗರೆಯುವುದನ್ನು ತಮ್ಮ ಎಷ್ಟೋ ಸಲ ಕೇಳಿದ್ದ. ಈಗ ಆ ಮಾತಿನ ಅರ್ಥ ತಿಳಿಯಿತು ಅನ್ನಿಸಿತು.

"ಅಕ್ಕ ಮನೇಲಿ ಕೂರ್ಲಿ ಅಂತ ತಾನೆ ಇದೆಲ್ಲ?"

"ಅವಳು ಮನೇಲಿರ್ಬೇಕು ಅಂತ ನನಗಿದೆ. ಇಲ್ಲ ಅನ್ನಲ್ಲ."

"ಅದಕ್ಕೆ ಅವಳ ಜೀವಮಾನದ ಕೆಲಸ ಹಾಳು ಮಾಡ್ತೀರಾ?"

"ಅವಳು ಗೆಲ್ಲಲಿ ಅಂತಾನೇ ಬಂದೆ ಕಣೋ. ನಂಬು. ಆ ಸೀಸೆ ಒಂದನ್ನ ಬಿಟ್ಬಿಡು, ನಿನ್ನ ಕಾಲು ಹಿಡ್ಕೋತೀನಿ."

ತಮ್ಮ ನಂಬಲಿಲ್ಲ. ಭಾವನ ಜೇಬಿಗೆ ಕೈಹಾಕಿ ಸೀಸೆಯನ್ನು ಕಿತ್ತುಕೊಂಡು ಮೊದಲಿದ್ದ ಜಾಗದಲ್ಲೇ ಇಟ್ಟ. ಭಾವ ತಂದಿಟ್ಟಿದ್ದನ್ನು ತೆಗೆದು ಕಸದ ಡಬ್ಬಿಗೆ ಎಸೆದ.

"ಅಕ್ಕನಿಗೆ ಹೇಳಲ್ಲ. ತಡ್ಕೊಳ್ಳಲ್ಲ ಅವಳು. ಆದರೆ ನಾಳೆಯಿಂದ ಇಲ್ಲಿಗೆ ಕಾಲಿಡಬೇಡಿ."

ಭಾವ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕುಳಿತರು.

ಮಧ್ಯಾಹ್ನ ದೊಡ್ಡಾಸ್ಪತ್ರೆಯಿಂದ ಬಿಳಿಗೂದಲಿನ ಡಾಕ್ಟರಮ್ಮ ಬಂದರು, ಜೊತೆಗೆ ಇಬ್ಬರು ಸಹಾಯಕರು. ಕೆಲಸದವರೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ನಿಂತರು. ಅಕ್ಕ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ಭಾವ ಬಾಗಿಲ ಬಳಿ.

ಡಾಕ್ಟರಮ್ಮ ತಾವೇ ಒಂದೊಂದಾಗಿ ಸೀಸೆ ಎತ್ತಿ ಹನಿ ಹಾಕಿದರು. ಹಸಿರು. ಮತ್ತೆ ಹಸಿರು. ತಮ್ಮನ ಎದೆ ಹಗುರವಾಗುತ್ತ ಬಂತು. ಕಳ್ಳ ಸಿಕ್ಕಿದ್ದಾನೆ, ಇನ್ನೇಕೆ ಭಯ? ಹಸಿರು, ಹಸಿರು. ಯಾರೋ ಹಿಂದಿನಿಂದ ಮೆಲ್ಲಗೆ ಅವನ ಬೆನ್ನು ತಟ್ಟಿದರು.

ಕೆಂಪು.

ಬೆಳಿಗ್ಗೆ ಅವನು ತನ್ನ ಕೈಯಾರೆ ತಿರುಗಿ ಇಟ್ಟಿದ್ದ ಸೀಸೆಯೇ ಅದು. ಭಾವ ಕೆಡಿಸುವ ಮೊದಲೇ ಕಾಪಾಡಿದ ರಕ್ತವಲ್ಲವೇ ಇದು?

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಗಟ್ಟಿಮುಟ್ಟಾಗಿರೋರಿಗೆ ಕ್ಯಾನ್ಸರ್ ಇದೆ ಅನ್ನೋ ಪೆಟ್ಟಿಗೇನ ನಾನು ಹೇಗಮ್ಮ ಒಪ್ಪಲಿ? ಎಷ್ಟು ಮನೆ ಮುಳುಗುತ್ತೆ ಹೇಳಿ." ಎದ್ದು ಚೀಲ ಹೆಗಲಿಗೇರಿಸಿದರು.

ತಮ್ಮ ಬಾಗಿಲ ಕಡೆ ತಿರುಗಿ ನೋಡಿದ. ಭಾವ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ಅಕ್ಕನನ್ನೇ ನೋಡುತ್ತಿದ್ದರು, ಕಣ್ಣು ತುಂಬಿಕೊಂಡು.

ಅಕ್ಕ ಮೇಜಿಗೆ ಕೈಯೂರಿ ನಿಧಾನವಾಗಿ ಎದ್ದು ನಿಂತಳು.

"ಕೂತ್ಕೊಳ್ಳಿ ಡಾಕ್ಟ್ರೇ. ಆ ರಕ್ತ ನಂದು. ನಿಮ್ಮ ಆಸ್ಪತ್ರೆಯವರು ನನಗೆ ಮೊನ್ನೆ ಹೇಳಿದ್ದನ್ನ, ಈ ಪೆಟ್ಟಿಗೆ ಒಂದು ವರ್ಷದಿಂದ ಹೇಳ್ತಾನೇ ಇತ್ತು."